ತುರನ್ನನ ಶಾಲೆಯಲ್ಲಿ: ಕನ್ನಡ ನಾಡಿನ ಕ್ರೈಸ್ತ ವಿದ್ಯಾರ್ಥಿ ಪ್ರೇಷಿತಕಾರ್ಯದ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಕಾಲೇಜುಗಳ ಹೆಸರುಗಳನ್ನು ಸಾಲಾಗಿ ಓದಿಕೊಂಡರೆ ಆ ಭಾಗದ ವಿದ್ಯೆಯ ಚರಿತ್ರೆ ಬಹುಮಟ್ಟಿಗೆ ತಿಳಿದಂತೆಯೇ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ ಆರಂಭವಾದುದು. ಹುನಗುಂದ, ಇಳಕಲ್ಲುಗಳಲ್ಲಿ ವಿಜಯ ಮಹಾಂತೇಶ ವಿದ್ಯಾವರ್ಧಕ ಸಂಘದ ಕಾಲೇಜುಗಳಿವೆ. ಇವುಗಳ ನಡುವೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು. ರಾಮಥಾಳದಂಥ ಊರಿನಿಂದ ಪದವಿಗೆಂದು ಹೊರಟ ಹುಡುಗನಾಗಲಿ ಹುಡುಗಿಯಾಗಲಿ ಬೆಳಗಿನ ಬಸ್ಸು ಹತ್ತಿ ಸೇರುವುದು ಇಂಥ ಕಾಲೇಜನ್ನೇ. ಮುಂದಕ್ಕೆ ಓದುವವರು ಧಾರವಾಡಕ್ಕೋ ವಿಜಯಪುರಕ್ಕೋ ಹೋಗುತ್ತಾರೆ. ಆ ವಿದ್ಯಾರ್ಥಿ ಕ್ರೈಸ್ತನಾಗಿದ್ದ ಪಕ್ಷದಲ್ಲಿ, ಅವನು ಓದುವ ಆವರಣದಲ್ಲಿ ಪ್ರಾರ್ಥನಾಲಯವಿರುವುದಿಲ್ಲ, ಅವನನ್ನು ಹೆಸರು ಹಿಡಿದು ಕರೆಯುವ ಗುರುವಿರುವುದಿಲ್ಲ, ಅವನ ಹಬ್ಬಗಳನ್ನು ಬಲ್ಲ ಸಹಪಾಠಿಗಳೂ ವಿರಳ.

ನಮ್ಮ ಗುರುಮಠಗಳಲ್ಲಿ ಕ್ಯಾಂಪಸ್ ಪ್ರೇಷಿತಕಾರ್ಯವೆಂದೊಡನೆ ಕಣ್ಣಮುಂದೆ ಬರುವ ಚಿತ್ರ ಬೇರೆ. ಮಂಗಳೂರಿನ ಸಂತ ಅಲೋಶಿಯಸ್, ಸಂತ ಆಗ್ನೆಸ್, ಬೆಂಗಳೂರಿನ ಸಂತ ಜೋಸೆಫ್, ಮೌಂಟ್ ಕಾರ್ಮೆಲ್: ಕಟ್ಟಡ ನಮ್ಮದು, ಗಂಟೆ ನಮ್ಮದು, ಪ್ರಾಂಶುಪಾಲರ ಕುರ್ಚಿಯೂ ನಮ್ಮದು. ಅಲ್ಲಿಗೆ ಒಬ್ಬ ಆಧ್ಯಾತ್ಮಿಕ ನಿರ್ದೇಶಕರನ್ನು ನೇಮಿಸುವುದೇ ವಿದ್ಯಾರ್ಥಿ ಪ್ರೇಷಿತಕಾರ್ಯವೆಂದು ನಾವು ತಿಳಿದಂತಿದೆ. ಈ ಲೇಖನ ಆ ತಿಳಿವಳಿಕೆಯನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುತ್ತದೆ. ಕಳೆದ ಸುಮಾರು ನೂರೆಂಬತ್ತು ವರ್ಷಗಳಲ್ಲಿ ಕನ್ನಡ ನಾಡಿನ ಕಾಲೇಜು ಅಂಗಳಗಳಲ್ಲಿ ದುಡಿದ ಕ್ರೈಸ್ತ ವಿದ್ಯಾರ್ಥಿ ಬಳಗಗಳ ವಿಶ್ವಾಸವೂ ಗುರಿಯೂ ಅವು ಯಾರ ಮನೆಯಲ್ಲಿ ನಿಂತು ಮಾತನಾಡಿದವು ಎಂಬುದರಿಂದ ಬಹುವಾಗಿ ರೂಪುಗೊಂಡಿವೆ ಎಂಬುದು ನನ್ನ ವಾದ. ಯಜಮಾನನ ದೈವಶಾಸ್ತ್ರ ಒಂದು ಬಗೆಯದು, ಅತಿಥಿಯ ದೈವಶಾಸ್ತ್ರ ಇನ್ನೊಂದು ಬಗೆಯದು. ಕೃಷ್ಣಾ ತೀರದಲ್ಲಿ ನಮಗೆ ಒದಗಿರುವುದು ಎರಡನೆಯದು.

ಶಾಲೆ ಮತ್ತು ಕೋಟೆ

ಕನ್ನಡ ಕರಾವಳಿಯಲ್ಲಿ ವಿದ್ಯಾರ್ಥಿಗಳ ನಡುವಣ ಶುಭಸಂದೇಶ ಕಾರ್ಯದ ಮೊದಲ ದೊಡ್ಡ ಪ್ರಸಂಗ ನಡೆದುದು 1844ರ ಜನವರಿ 6ರಂದು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. ಅದರ ಇಂಗ್ಲಿಷ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿಣ್ಯ ಮತ್ತು ಇನ್ನಿಬ್ಬರು ಬ್ರಾಹ್ಮಣ ತರುಣರು ಅಂದು ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ಗಲಭೆಯೆದ್ದಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಕೌಂಡಿಣ್ಯರು ಬಾಸೆಲ್‌ನಲ್ಲಿ ದೈವಶಾಸ್ತ್ರ ಓದಿ 1851ರಲ್ಲಿ ಹಿಂದಿರುಗಿದರು. ದೀಕ್ಷೆ ಪಡೆದ ಮಿಶನರಿಯಾಗಿ ದುಡಿದು 1893ರಲ್ಲಿ ತೀರಿಕೊಂಡರು. ಕೊಡಗಿನ ಆನಂದಪುರ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಈ ಪ್ರಸಂಗವನ್ನು ವಿಜಯವೆಂದು ಬರೆದವರಿದ್ದಾರೆ, ವಂಚನೆಯೆಂದು ಬರೆದವರೂ ಇದ್ದಾರೆ. ಎರಡಕ್ಕೂ ಹೊರತಾದ ಒಂದು ಸಂಗತಿಯನ್ನು ಗಮನಿಸಬೇಕು. ಶಾಲೆಯ ಒಡೆತನವೂ ವಿಶ್ವಾಸದ ಆಹ್ವಾನವೂ ಒಂದೇ ಕೈಯಲ್ಲಿದ್ದಾಗ, ವಿದ್ಯಾರ್ಥಿಯ ನಿರ್ಧಾರ ಎಷ್ಟೇ ಪ್ರಾಮಾಣಿಕವಾಗಿದ್ದರೂ ಹೊರಗಿನವರ ಕಣ್ಣಿಗೆ ಅದು ಶಾಲೆಯ ಕೆಲಸವಾಗಿಯೇ ಕಾಣುತ್ತದೆ. ಕೌಂಡಿಣ್ಯರ ನಿಷ್ಠೆಯನ್ನು ಅವರ ಮುಂದಿನ ನಾಲ್ಕು ದಶಕಗಳ ಸೇವೆ ಸಾರಿದೆ. ಆದರೂ ಆ ಸಂಶಯ ನಮ್ಮ ವಿದ್ಯಾಸಂಸ್ಥೆಗಳ ಬೆನ್ನು ಬಿಡಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1851ರಲ್ಲಿ ಗುಳೇದಗುಡ್ಡಕ್ಕೂ ಬಂದರು. ಗುಳೇದಗುಡ್ಡ ಬಾದಾಮಿಯ ನೆರೆಯ ನೇಕಾರರ ಊರು. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ 1830ರಲ್ಲಿ ಆರಂಭಿಸಿದಂಥ ಇಂಗ್ಲಿಷ್ ಉನ್ನತ ಶಿಕ್ಷಣದ ದಾರಿ ಇವರದಲ್ಲ. ದೇಶಭಾಷೆಯ ಶಾಲೆ, ಮುದ್ರಣಾಲಯ, ಮಗ್ಗ, ಹೆಂಚಿನ ಕಾರ್ಖಾನೆ ಇವರ ಒಲವು. ಅದರ ಲಾಭವನ್ನು ಕನ್ನಡ ಭಾಷೆ ಉಂಡಿದೆ. ಕಿಟ್ಟೆಲರ 1894ರ ನಿಘಂಟನ್ನು ನೆನೆದರೆ ಸಾಕು. ಆದರೆ ಇದರ ಇನ್ನೊಂದು ಫಲವೂ ಉಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾಗಲಕೋಟೆ ಸೀಮೆಯಲ್ಲಿ ಉನ್ನತ ವಿದ್ಯೆಯ ಹಸಿವು ಹುಟ್ಟಿದಾಗ ಅದಕ್ಕೆ ಅನ್ನ ಬಡಿಸಿದವರು ಮಠಗಳೂ ಲಿಂಗಾಯತ ವಿದ್ಯಾವರ್ಧಕ ಸಂಘಗಳೂ. ಹನ್ನೆರಡನೆಯ ಶತಮಾನದಲ್ಲಿ ತರುಣ ಬಸವಣ್ಣನವರು ಮನೆ ತೊರೆದು ಬಂದು ವಿದ್ಯೆ ಕಲಿತ ಕೂಡಲಸಂಗಮ ಇದೇ ಹುನಗುಂದದ ನೆಲದಲ್ಲಿದೆ. ಆ ಪರಂಪರೆಯವರು ಕಾಲೇಜು ಕಟ್ಟಿದುದರಲ್ಲಿ ಅಚ್ಚರಿಯೇನೂ ಇಲ್ಲ.

ಕಥೋಲಿಕರ ದಾರಿ ಬೇರೆಯಾಗಿತ್ತು. ಇಟಲಿಯ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದರು. ಹದಿಮೂರು ತಿಂಗಳು ಕಳೆಯುವುದರೊಳಗೆ, 1880ರ ಜನವರಿಯಲ್ಲಿ, ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಬೆಂಗಳೂರಿನ ಸಂತ ಜೋಸೆಫ್ ಕಾಲೇಜನ್ನು ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯವರು 1882ರಲ್ಲಿ ಸ್ಥಾಪಿಸಿದರು. 1937ರಲ್ಲಿ ಅದು ಯೇಸುಸಭೆಯ ಕೈಸೇರಿತು. ಇಲ್ಲಿ ವಿದ್ಯಾರ್ಥಿ ಪ್ರೇಷಿತಕಾರ್ಯದ ರೂಪ ಮರಿಯಾ ಸಂಘ, ಅಂದರೆ ಸೊಡಾಲಿಟಿ. 1563ರಲ್ಲಿ ರೋಮಿನ ಯೇಸುಸಭೆಯ ಕಾಲೇಜಿನಲ್ಲಿ ಜಾನ್ ಲ್ಯೂನಿಸ್ ಎಂಬ ಯುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕೂಡಿಸಿ ಆರಂಭಿಸಿದ ಕ್ರಮವದು. ಮೇಲಿಂದ ಮೇಲೆ ಪಾಪನಿವೇದನೆ, ಪರಮಪ್ರಸಾದ, ಮರಿಯಮ್ಮನವರ ಭಕ್ತಿ, ಬಡವರ ಭೇಟಿ. ಇದರ ಹಿಂದಿದ್ದ ನಂಬಿಕೆ ಸ್ಪಷ್ಟ: ತಾರುಣ್ಯ ಅಪಾಯದ ಕಾಲ, ನವೀನ ವಿದ್ಯೆ ಅಪಾಯದ ವಿದ್ಯೆ, ಆದ್ದರಿಂದ ವಿದ್ಯಾರ್ಥಿಯ ಆತ್ಮಕ್ಕೆ ಕೋಟೆ ಬೇಕು. ಇಂದು ಆ ಕೋಟೆಯ ಮಾತನ್ನು ಹಗುರವಾಗಿ ಕಾಣುವ ರೂಢಿಯಿದೆ. ನಾನು ಹಾಗೆ ಕಾಣಲಾರೆ. ಬಡವರನ್ನು ಕಂಡುಬರಬೇಕೆಂಬ ನಿಯಮ ಆ ಕೋಟೆಗೆ ಇಟ್ಟ ಬಾಗಿಲಾಗಿತ್ತು. ಆದರೆ ಒಂದು ಮಿತಿ ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು: ಕೋಟೆಯ ಹೊರಗೆ ಓದುವವನಿಗೆ ಅದು ಏನನ್ನೂ ಮಾಡಲಾರದು.

1928

ಇತ್ತ ಪ್ರೊಟೆಸ್ಟಂಟ್ ಜಗತ್ತಿನಲ್ಲಿ ಬೇರೊಂದು ಗಾಳಿ ಬೀಸುತ್ತಿತ್ತು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೇನಾದಲ್ಲಿ ಜಾನ್ ಮೋಟ್ ಮತ್ತು ಸಂಗಡಿಗರು ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟವನ್ನು ಕಟ್ಟಿದರು. ಒಕ್ಕೂಟದ ಸದಸ್ಯರು ಚರ್ಚುಗಳಲ್ಲ, ವಿದ್ಯಾರ್ಥಿ ಸಂಘಟನೆಗಳು. ಇದು ಸಣ್ಣ ಸಂಗತಿಯಲ್ಲ. ಗುರುವಿನ ಅಪ್ಪಣೆಗೆ ಕಾಯದೆ ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಪ್ರೇಷಿತನಾಗುವ ಕಲ್ಪನೆ ಇಲ್ಲಿ ಮೊದಲಬಾರಿಗೆ ಜಗದಗಲದ ಸಂಘಟನೆಯ ಆಕಾರ ಪಡೆಯಿತು. ಯೊವಾನ್ನನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮವರೆಲ್ಲರೂ ಒಂದಾಗಿರಲೆಂದು ಮಾಡಿದ ಪ್ರಾರ್ಥನೆ ಅದರ ಧ್ಯೇಯವಾಯಿತು. 1898ರಿಂದ ಅದು ವಿದ್ಯಾರ್ಥಿಗಳಿಗಾಗಿ ಒಂದು ವಿಶ್ವ ಪ್ರಾರ್ಥನಾ ದಿನವನ್ನು ಆಚರಿಸಿಕೊಂಡು ಬಂದಿದೆ. ಈಗದು ಫೆಬ್ರವರಿಯ ಮೂರನೆಯ ಭಾನುವಾರ. 1912ರಲ್ಲಿ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ, ನಾವೆಲ್ಲರೂ ಎಸ್‌ಸಿಎಂ ಎನ್ನುವ ಸಂಘಟನೆ, ಹುಟ್ಟಿತು. ಅದರ ಪ್ರಧಾನ ಕಚೇರಿ ಇಂದು ಬೆಂಗಳೂರಿನ ಮಿಶನ್ ರಸ್ತೆಯಲ್ಲಿದೆ.

1928ರ ಡಿಸೆಂಬರಿನಲ್ಲಿ ಆ ವಿಶ್ವ ಒಕ್ಕೂಟದ ಮಹಾಸಮಿತಿ ಮೈಸೂರಿನಲ್ಲಿ ಸೇರಿತು. ಕನ್ನಡ ನಾಡಿನ ಕ್ರೈಸ್ತ ಚರಿತ್ರೆ ಬರೆಯುವವರು ಈ ಸಭೆಯನ್ನು ಬಹುತೇಕ ಮರೆತಿದ್ದಾರೆಂಬುದು ನನಗೆ ವಿಷಾದದ ಸಂಗತಿ. ಮೂವತ್ತಮೂರು ವರ್ಷ ಒಕ್ಕೂಟವನ್ನು ಮೊದಲು ಕಾರ್ಯದರ್ಶಿಯಾಗಿ, ಅನಂತರ ಅಧ್ಯಕ್ಷರಾಗಿ ನಡೆಸಿದ ಮೋಟ್ ಆ ವರ್ಷ ಹೊಣೆಯನ್ನು ಕಿರಿಯರಿಗೆ ಒಪ್ಪಿಸಿದರು. ಅದೇ ವರ್ಷದ ಆರಂಭದಲ್ಲಿ ಜೆರುಸಲೇಮಿನ ಅಂತರರಾಷ್ಟ್ರೀಯ ಮಿಶನರಿ ಸಮ್ಮೇಳನ ಅನ್ಯಧರ್ಮಗಳ ಕುರಿತು, ಲೌಕಿಕವಾದದ ಕುರಿತು ಹೊಸ ಪ್ರಶ್ನೆಗಳನ್ನೆತ್ತಿತ್ತು. ಹಿಂದೂ ಅರಸರ ರಾಜಧಾನಿಯಲ್ಲಿ, 1916ರಷ್ಟು ಹೊಸದಾದ ದೇಶೀ ವಿಶ್ವವಿದ್ಯಾನಿಲಯವಿದ್ದ ನಗರದಲ್ಲಿ, ನಾನಾ ದೇಶಗಳ ಕ್ರೈಸ್ತ ವಿದ್ಯಾರ್ಥಿ ಮುಖಂಡರು ಅತಿಥಿಗಳಾಗಿ ಕುಳಿತು ತಮ್ಮ ವಿಶ್ವಾಸದ ಅರ್ಥವನ್ನು ಹುಡುಕಿದರು. ನಮ್ಮ ನೆಲದಲ್ಲಿ ಅತಿಥಿಯ ದೈವಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಆರಂಭದ ಗುರುತು ನನಗೆ ಕಾಣದು.

ಆದರೆ ಆ ಸಭೆಯಲ್ಲಿ ಕಥೋಲಿಕ ವಿದ್ಯಾರ್ಥಿಗಳಿಗೆ ಎಡೆಯಿರಲಿಲ್ಲ. ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 1928ರ ಜನವರಿ 6ರಂದೇ ‘ಮೊರ್ತಾಲಿಯುಮ್ ಆನಿಮೊಸ್’ ವಿಶ್ವಪತ್ರದ ಮೂಲಕ ಕಥೋಲಿಕೇತರರ ಐಕ್ಯ ಸಭೆಗಳಲ್ಲಿ ಭಾಗವಹಿಸುವುದನ್ನು ನಿಷೇಧಿಸಿದ್ದರು. (ಕೌಂಡಿಣ್ಯರ ದೀಕ್ಷಾಸ್ನಾನದ ದಿನಾಂಕವೂ ಇದೇ ಆಗಿರುವುದು ಕೇವಲ ಆಕಸ್ಮಿಕ. ಎರಡೂ ಪ್ರಭು ಪ್ರಕಟಣೆಯ ಹಬ್ಬದ ದಿನಗಳು.) ಅದೇ ವರ್ಷ ಬ್ರಿಟನ್ನಿನಲ್ಲಿ ಇವಾಂಜೆಲಿಕಲ್ ವಿದ್ಯಾರ್ಥಿ ಸಂಘಗಳು ಎಸ್‌ಸಿಎಂನಿಂದ ಬೇರೆಯಾದ ತಮ್ಮದೇ ಅಂತರ-ವಿಶ್ವವಿದ್ಯಾನಿಲಯ ಬಳಗವನ್ನು ಕಟ್ಟಿಕೊಂಡವು. ಒಡಕು ಹಳೆಯದೇ: ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕ್ರೈಸ್ತ ವಿದ್ಯಾರ್ಥಿ ಸಂಘ 1910ರಲ್ಲಿಯೇ ಎಸ್‌ಸಿಎಂ ಬಿಟ್ಟಿತ್ತು. 1919ರಲ್ಲಿ ಮತ್ತೆ ಕೂಡುವ ಮಾತುಕತೆ ನಡೆದಾಗ ಕ್ರಿಸ್ತರ ಪ್ರಾಯಶ್ಚಿತ್ತ ಬಲಿ ನಿಮ್ಮ ವಿಶ್ವಾಸದ ಕೇಂದ್ರವೋ ಎಂದು ಒಂದು ಕಡೆಯವರು ಕೇಳಿದರೆಂದೂ, ಒಪ್ಪುತ್ತೇವೆ, ಆದರೆ ಅದೇ ಕೇಂದ್ರವೆನ್ನಲಾರೆವು ಎಂಬ ಅರ್ಥದ ಉತ್ತರ ಬಂದಿತೆಂದೂ ಇವಾಂಜೆಲಿಕಲ್ ಚರಿತ್ರೆಕಾರರು ಬರೆದಿದ್ದಾರೆ. ಮಾತುಕತೆ ಅಲ್ಲಿಗೇ ಮುರಿಯಿತು.

ಹೀಗೆ ಒಂದೇ ವರ್ಷದಲ್ಲಿ ಮೂರು ದಾರಿಗಳು ಕವಲೊಡೆದು ನಿಂತವು. ಎಲ್ಲರೂ ಒಂದಾಗಲೆಂಬ ದಾರಿ, ಒಂದೇ ಧರ್ಮಸಭೆಯೊಳಕ್ಕೆ ಹಿಂದಿರುಗಿರೆಂಬ ದಾರಿ, ಶಿಲುಬೆಯ ಸತ್ಯದಲ್ಲಿ ರಾಜಿಯಿಲ್ಲವೆಂಬ ದಾರಿ. ಮೂರರಲ್ಲಿ ಯಾವುದನ್ನೂ ತಪ್ಪೆಂದು ತಳ್ಳುವಂತಿಲ್ಲ. ಐಕ್ಯವಿಲ್ಲದ ಸಾಕ್ಷ್ಯ ಪೊಳ್ಳು, ಧರ್ಮಸಭೆಯಿಲ್ಲದ ಐಕ್ಯ ಬೇರಿಲ್ಲದ್ದು, ಶಿಲುಬೆಯಿಲ್ಲದ ಧರ್ಮಸಭೆ ಬರಿಯ ಸಂಸ್ಥೆ. ಆದರೆ ಕಾಲೇಜಿನಲ್ಲಿ ಬೆರಳೆಣಿಕೆಯಷ್ಟು ಕ್ರೈಸ್ತರಿರುವ ಕಡೆ ಮೂರು ದಾರಿಗಳಿಗೆ ಮೂರು ಸಂಘಗಳು ಬೇಕೆಂದರೆ ಸಂಘಕ್ಕೊಬ್ಬ ಸದಸ್ಯನೂ ಸಿಗಲಿಕ್ಕಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಐಕ್ಯತೆಯ ಕುರಿತ ತನ್ನ ಆದೇಶವನ್ನು ಹೊರಡಿಸಿ 1928ರ ನಿಷೇಧದ ಬಾಗಿಲನ್ನು ತೆರೆಯಿತು. ನಮ್ಮ ಕಾಲೇಜು ಹುಡುಗರಿಗೆ ಆ ಸುದ್ದಿಯನ್ನು ನಾವಿನ್ನೂ ಸರಿಯಾಗಿ ಮುಟ್ಟಿಸಿಲ್ಲ.

ಕಟ್ಟಡ ಬೇಡದ ಬಳಗ, ಕಟ್ಟಡ ಬಿಟ್ಟ ಬಳಗ

ಮೂರನೆಯ ದಾರಿ ಭಾರತದಲ್ಲಿ 1954ರಲ್ಲಿ ಹುಟ್ಟಿದ ಇವಾಂಜೆಲಿಕಲ್ ವಿದ್ಯಾರ್ಥಿ ಒಕ್ಕೂಟದ, ಅಂದರೆ ಯುಇಎಸ್‌ಐನ ಆಕಾರ ತಳೆಯಿತು. ಅದು 1947ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಇವಾಂಜೆಲಿಕಲ್ ವಿದ್ಯಾರ್ಥಿ ಬಳಗದ ಕುಟುಂಬಕ್ಕೆ ಸೇರಿದ್ದು. ಪವಿತ್ರ ಗ್ರಂಥದ ದೈವಪ್ರೇರಣೆ ಮತ್ತು ಪರಮಾಧಿಕಾರ, ತ್ರೈಏಕತ್ವ, ಮಾನವನ ಪಾಪಾವಸ್ಥೆ, ಕ್ರಿಸ್ತರ ಬಲಿಮರಣದಿಂದ ಮಾತ್ರ ರಕ್ಷಣೆ, ಅವರ ಪುನರುತ್ಥಾನ ಮತ್ತು ಪುನರಾಗಮನ ಅದರ ವಿಶ್ವಾಸದ ಅಡಿಗಲ್ಲುಗಳು. ಧರ್ಮಸಭೆಯ ಅಧಿಕಾರ, ಸಂಸ್ಕಾರಗಳು, ಪರಂಪರೆ ಈ ಪಟ್ಟಿಯಲ್ಲಿ ನಮಗೆ ಬೇಕಾದ ತೂಕದಲ್ಲಿ ಇಲ್ಲವೆಂಬುದು ನಿಜ. ಆದರೂ ಅದರ ಕಾರ್ಯವಿಧಾನದಿಂದ ಕಲಿಯಬೇಕಾದುದಿದೆ. ನಾಲ್ಕೈದು ವಿದ್ಯಾರ್ಥಿಗಳು, ಒಂದು ಬೈಬಲ್, ಹಾಸ್ಟೆಲಿನ ಒಂದು ಕೋಣೆ: ಇಷ್ಟೇ ಬಂಡವಾಳ. ಮುಂಜಾನೆಯ ಏಕಾಂತ ಪ್ರಾರ್ಥನೆ, ವಾರಕ್ಕೊಮ್ಮೆ ಕೂಡಿ ಓದು, ಸಹಪಾಠಿಯೊಡನೆ ನೇರ ಮಾತು. ಗುರುವಿಲ್ಲದಿದ್ದರೂ ನಡೆಯುತ್ತದೆ, ಸಂಸ್ಥೆಯ ಅನುಮತಿಯ ಕಡತ ಬೇಕಿಲ್ಲ. ಸ್ವಂತ ಕ್ಯಾಂಪಸ್ಸಿನ ಆಸರೆಯನ್ನು ನೆಚ್ಚದ ಕಾರಣ ಇಂಥ ಬಳಗ ಸರಕಾರಿ ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಕಾಲೇಜುಗಳ ಒಳಕ್ಕೆ ಹೋಗಬಲ್ಲದು. ನಮ್ಮ ನಿರ್ದೇಶಕ ಗುರುಗಳು ಅಲ್ಲಿ ಗೇಟಿನ ಬಳಿ ನಿಲ್ಲಬೇಕಾಗುತ್ತದೆ.

ಕಥೋಲಿಕ ವಿದ್ಯಾರ್ಥಿಗಳ ಅಖಿಲ ಭಾರತ ಒಕ್ಕೂಟ, ಐಕಫ್, ಇದಕ್ಕಿಂತ ಹಿರಿದು. 1924ರಲ್ಲಿ ಯೇಸುಸಭೆಯ ಫ್ರೆಂಚ್ ಗುರು ಪಿಯೇರ್ ಕಾರ್ತಿಯವರು ಮದರಾಸು ಪ್ರಾಂತದಲ್ಲಿ ಅದಕ್ಕೆ ಬೀಜ ಬಿತ್ತಿದರು. ಮಂಗಳೂರು ಆಗ ಅದೇ ಪ್ರಾಂತದಲ್ಲಿತ್ತು. ಅದರ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಬಾಗಲಕೋಟೆಯಾದರೋ ವಿಜಾಪುರ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತದಲ್ಲಿತ್ತು. ಧಾರವಾಡದಲ್ಲಿ ಸರಕಾರಿ ಕರ್ನಾಟಕ ಕಾಲೇಜು ತೆರೆದುದೇ 1917ರಲ್ಲಿ, ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿದ್ದು 1949ರಲ್ಲಿ, ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದುದು 1953ರಲ್ಲಿ. ಚಳವಳಿಗಳು ಆತ್ಮದ ಪ್ರೇರಣೆಯಿಂದ ಹುಟ್ಟುತ್ತವೆ, ಆದರೆ ರೈಲಿನ ಹಳಿಯನ್ನೂ ವಿಶ್ವವಿದ್ಯಾನಿಲಯದ ಗಡಿಯನ್ನೂ ಅನುಸರಿಸಿ ಹರಡುತ್ತವೆ. ಕೃಷ್ಣೆ–ಮಲಪ್ರಭೆಯರ ನಡುವಣ ಕಥೋಲಿಕರು, ಪಕ್ಕದ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಷ್ಟು ಹಳೆಯ ಕ್ರೈಸ್ತ ಜನರಿದ್ದೂ, ಈ ಹೊಸ ಅಲೆಯ ಅಂಚಿನಲ್ಲಿ ಉಳಿದುದಕ್ಕೆ ಇದೂ ಒಂದು ಕಾರಣ.

ಐಕಫ್ ಮೊದಲು ಸೊಡಾಲಿಟಿಯ ಸೋದರನಂತೆಯೇ ಇತ್ತು: ಕಥೋಲಿಕ ಪದವೀಧರನ ಬುದ್ಧಿಗೆ ವಿಶ್ವಾಸದ ಬೆಂಬಲ ಕೊಡುವುದು, ಸಮಾಜಶಾಸ್ತ್ರದ ತಿಳಿವು ಮೂಡಿಸುವುದು. ಅದನ್ನು ಕಟ್ಟಡದಿಂದ ಹೊರಗೆಳೆದವರಲ್ಲಿ ಪ್ರಮುಖರು ಫಾದರ್ ಪಿಯೇರ್ ಸೆರಾಕ್. 1914ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1937ರಲ್ಲಿ ಭಾರತಕ್ಕೆ ಬಂದು, 2012ರಲ್ಲಿ ಚೆನ್ನೈಯಲ್ಲಿ ತೀರಿಕೊಂಡ ಈ ಗುರುಗಳು ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಐಕಫ್‌ನ ರಾಷ್ಟ್ರೀಯ ಸಲಹೆಗಾರರಾಗಿದ್ದರು. ಕಾಲೇಜು ಹುಡುಗರನ್ನು ಕೊಳೆಗೇರಿಗೂ ಹಳ್ಳಿಗೂ ಕರೆದೊಯ್ದು ಶ್ರಮದ ಶಿಬಿರ ನಡೆಸಿದರು. ತಮಿಳುನಾಡಿನ ರಾಮನಾಥಪುರದ ಒಣನೆಲದಲ್ಲಿ ಸಾವಿರ ಬಾವಿ ತೋಡುವ ಯೋಜನೆ ಅವರದು. ಮಹಾಸಭೆ 1965ರಲ್ಲಿ ಲೋಕದ ಸುಖದುಃಖಗಳೇ ಕ್ರಿಸ್ತನ ಶಿಷ್ಯರ ಸುಖದುಃಖಗಳೆಂಬ ಧ್ವನಿಯಲ್ಲಿ ಮಾತನಾಡಿತು. 1969ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತ ಧರ್ಮಸಭೆಯ ಅಖಿಲ ಭಾರತ ವಿಚಾರಸಂಕಿರಣ ಆ ಧ್ವನಿಯನ್ನು ದೇಶೀಯಗೊಳಿಸಲು ಯತ್ನಿಸಿತು. ಮರುವರ್ಷ ಪೂನಮಲ್ಲಿಯಲ್ಲಿ ಸೇರಿದ ಐಕಫ್ ವಿದ್ಯಾರ್ಥಿಗಳು ನ್ಯಾಯಯುತ ಸಮಾಜದ ನಿರ್ಮಾಣವೇ ತಮ್ಮ ಗುರಿಯೆಂದು ಘೋಷಿಸಿಬಿಟ್ಟರು. ತಾವು ಹುಟ್ಟಿದ ಅನ್ಯಾಯದ ಸಮಾಜವನ್ನು ಇದ್ದಂತೆಯೇ ಬಿಟ್ಟುಹೋಗುವುದಿಲ್ಲವೆಂಬ ಸಂಕಲ್ಪ ಅಂದಿನಿಂದ ಅದರ ಘೋಷವಾಗಿದೆ. ಕಾರ್ಡಿನಲ್ ಕಾರ್ಡೈನ್ ಕಾರ್ಮಿಕ ಯುವಜನರಿಗೆ ಕಲಿಸಿದ ಕಾಣು, ವಿವೇಚಿಸು, ಕಾರ್ಯವೆಸಗು ಎಂಬ ಕ್ರಮ ಅದರ ಸಾಧನ.

ಈ ತಿರುವನ್ನು ನಮ್ಮ ಹಿರಿಯ ಗುರುಗಳಲ್ಲಿ ಕೆಲವರು ವಿಶ್ವಾಸದ ಸೋರಿಕೆಯೆಂದು ಕಂಡರು. ಪ್ರಾರ್ಥನೆ ಹೋಗಿ ಪ್ರತಿಭಟನೆ ಬಂತೆಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ನ್ಯಾಯದ ಮಾತು ಪರಮಪ್ರಸಾದದಿಂದ ಹೊರಡದಿದ್ದರೆ ಪದವಿ ಮುಗಿದ ಮರುವರ್ಷವೇ ಅದು ಸಂಬಳದ ಮಾತಾಗಿ ಬಿಡುತ್ತದೆ. ಆದರೆ ಆ ದೂರಿನವರು ಒಂದು ಮುಖ್ಯಾಂಶವನ್ನು ಕಾಣಲಿಲ್ಲ. 1970ರಲ್ಲಿ ಮೊದಲ ಬಾರಿಗೆ ಕಥೋಲಿಕ ವಿದ್ಯಾರ್ಥಿ ಪ್ರೇಷಿತಕಾರ್ಯ ತನ್ನ ಕಾಲೇಜಿನ ಗೋಡೆಯಾಚೆ ನಿಂತವನನ್ನು ತನ್ನ ವಿಶ್ವಾಸದ ವಿಷಯವನ್ನಾಗಿ ಮಾಡಿಕೊಂಡಿತು. 1971ರ ಧರ್ಮಾಧ್ಯಕ್ಷರ ಸಿನೊಡ್ ನ್ಯಾಯಕ್ಕಾಗಿ ದುಡಿಯುವುದನ್ನು ಶುಭಸಂದೇಶ ಸಾರುವುದರ ಅವಿಭಾಜ್ಯ ಅಂಗವೆಂದು ಕರೆದಾಗ ವಿದ್ಯಾರ್ಥಿಗಳು ಒಂದು ವರ್ಷ ಮುಂದಿದ್ದರು.

ನನ್ನ ಆಕ್ಷೇಪ ಬೇರೆ. ಗೋಡೆಯಾಚೆಯವನನ್ನು ಕಂಡರೂ ಆ ಕಣ್ಣು ಬಹುಮಟ್ಟಿಗೆ ಗೋಡೆಯೊಳಗಿನದಾಗಿಯೇ ಉಳಿಯಿತು. ಶಿಬಿರಕ್ಕೆ ಹಳ್ಳಿಗೆ ಹೋಗುವ ನಗರದ ವಿದ್ಯಾರ್ಥಿಯೇ ಇಲ್ಲಿ ಕರ್ತೃ, ಹಳ್ಳಿ ಕರ್ಮ. ರಾಮಥಾಳದ ಹೆಸರು ಇಂದು ರಾಜ್ಯದಲ್ಲಿ ಕೇಳಿಬರುವುದು ಕೃಷ್ಣೆಯ ನೀರನ್ನು ಮೇಲೆತ್ತಿ ಸುಮಾರು 24,000 ಹೆಕ್ಟೇರ್ ಹೊಲಗಳಿಗೆ ಹನಿಹನಿಯಾಗಿ ಹಾಯಿಸುವ ಯೋಜನೆಯಿಂದ. ಆ ಹೊಲದ ಮಗಳು ಇಂದು ಸ್ವತಃ ಪದವಿ ಓದುತ್ತಾಳೆ. ನೀರು ಯಾರ ಹೊಲಕ್ಕೆ ತಲುಪಿತು, ಯಾರದಕ್ಕೆ ತಲುಪಲಿಲ್ಲ ಎಂಬುದನ್ನು ಅವಳಿಗೆ ಶಿಬಿರದವರು ಬಂದು ತೋರಿಸಬೇಕಾಗಿಲ್ಲ. ಅವಳು ಕಂಡದ್ದನ್ನು ವಿಶ್ವಾಸದ ಬೆಳಕಿನಲ್ಲಿ ವಿವೇಚಿಸಲು ಜೊತೆಗೊಬ್ಬರು ಬೇಕು, ಅಷ್ಟೇ.

ಅತಿಥಿಯ ಹಕ್ಕು

ಪರರ ಮನೆಯಲ್ಲಿ ನಿಂತು ಮಾತನಾಡುವುದು ಹೇಗೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಮಾದರಿಯಿದೆ. ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು 1967ರಿಂದ ಕಟ್ಟಿ ಬೆಳೆಸಿದ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅದು ಸರಕಾರಿ ವಿಶ್ವವಿದ್ಯಾನಿಲಯ. ಅಲ್ಲಿ ಕ್ರೈಸ್ತಧರ್ಮ ಇತರ ವಿದ್ಯೆಗಳ ನಡುವೆ ಒಂದು ವಿದ್ಯೆ. ಕೇಳುವವನು ಹಿಂದೂ, ಮುಸ್ಲಿಂ, ನಾಸ್ತಿಕ ಯಾರೂ ಆಗಿರಬಹುದು. ಪ್ರಶ್ನೆಗೆ ವಾದದಿಂದ ಉತ್ತರಿಸಬೇಕೇ ಹೊರತು ಅಧಿಕಾರದಿಂದಲ್ಲ. ತರಗತಿಯ ಆ ಬದುಕಿಗೆ ಬೆನ್ನೆಲುಬಾಗಿ ಅವರು ಅದೇ ಊರಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು. 1990ರ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಅವರ ದೈವಾರಾಧನಾ ಪ್ರಯೋಗಗಳ ಕುರಿತು ಬಹಳ ಚರ್ಚೆಯಾಯಿತು, ಮೈಸೂರಿನ ತರಗತಿಯ ಕುರಿತು ಕಡಿಮೆ. ನನ್ನ ದೃಷ್ಟಿಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಿರಿದಲ್ಲ.

ಇದಕ್ಕೆ ಬೈಬಲಿನ ಆಧಾರ ಪ್ರೇಷಿತರ ಕಾರ್ಯಕಲಾಪಗಳ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಎಫೆಸದ ಪ್ರಾರ್ಥನಾಮಂದಿರದಲ್ಲಿ ವಿರೋಧ ಬಂದಾಗ ಪೌಲನು ಶಿಷ್ಯರನ್ನು ಕರೆದುಕೊಂಡು ತುರನ್ನನೆಂಬವನ ಶಾಲೆಗೆ ಹೋದ. ಎರಡು ವರ್ಷ ದಿನಂಪ್ರತಿ ಅಲ್ಲಿ ಚರ್ಚಿಸಿದ. ತುರನ್ನ ಯಾರೆಂದು ಲೂಕನು ಹೇಳುವುದಿಲ್ಲ. ಅವನು ಕ್ರೈಸ್ತನಾದನೆಂದೂ ಹೇಳುವುದಿಲ್ಲ. ಪೌಲ ಅಲ್ಲಿ ಪ್ರಾಂಶುಪಾಲನಲ್ಲ, ಜಾಗ ಪಡೆದ ಅತಿಥಿ. ಪಾಶ್ಚಾತ್ಯ ಪಾಠವೆನಿಸಿದ ಹಸ್ತಪ್ರತಿಗಳು ಇನ್ನೊಂದು ವಿವರ ಸೇರಿಸುತ್ತವೆ: ಐದನೆಯ ತಾಸಿನಿಂದ ಹತ್ತನೆಯ ತಾಸಿನವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೊಂದರಿಂದ ನಾಲ್ಕು ಗಂಟೆ. ಬಿಸಿಲೇರಿ ಊರು ವಿಶ್ರಮಿಸುವ ಹೊತ್ತು, ಶಾಲೆ ಖಾಲಿಯಿರುವ ಹೊತ್ತು. ಮೂಲಪಾಠವೋ ಪ್ರಕ್ಷೇಪವೋ, ಬರೆದವನಿಗೆ ಅತಿಥಿಯ ಸ್ಥಿತಿಯ ಅರಿವು ಚೆನ್ನಾಗಿತ್ತು. ಮನೆಯವರಿಗೆ ಬೇಡವಾದ ವೇಳೆಯೇ ಅತಿಥಿಗೆ ಸಿಗುವ ವೇಳೆ.

ಕೌಂಡಿಣ್ಯರ ಕಾಲದ ಆ ಸಂಶಯಕ್ಕೆ ಈಗ ಮರಳಬೇಕು. 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 25ನೆಯ ವಿಧಿಯ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ತೀರ್ಪಿತ್ತಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ ಆಮಿಷದ ವ್ಯಾಖ್ಯೆಯಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜುಗಳ ಉಚಿತ ಶಿಕ್ಷಣವನ್ನೂ ಹೆಸರಿಸಿತು. ಆ ಕಾಯಿದೆಯಲ್ಲಿ ನಮಗೆ ನೋವುಂಟುಮಾಡುವ ಅಂಶಗಳು ಬಹಳ. ಅವನ್ನು ನಮ್ಮ ಧರ್ಮಾಧ್ಯಕ್ಷರು ಸಾರ್ವಜನಿಕವಾಗಿಯೇ ವಿರೋಧಿಸಿದ್ದಾರೆ. ಆದರೆ ಗುರುಮಠದ ತರಗತಿಯಲ್ಲಿ ನಾವು ಇನ್ನೊಂದು ಪಠ್ಯವನ್ನೂ ತೆರೆದಿಡಬೇಕು. ಧಾರ್ಮಿಕ ಸ್ವಾತಂತ್ರ್ಯದ ಕುರಿತು 1965ರ ಡಿಸೆಂಬರ್ 7ರಂದು ಮಹಾಸಭೆ ಹೊರಡಿಸಿದ ಘೋಷಣೆಯ 4ನೆಯ ಪರಿಚ್ಛೇದ, ವಿಶ್ವಾಸವನ್ನು ಹರಡುವಾಗ ಬಲವಂತದ ಅಥವಾ ಅಪ್ರಾಮಾಣಿಕ ಪ್ರೇರಣೆಯ ಸುಳಿವೂ ಇರಬಾರದೆಂದು, ಅದರಲ್ಲೂ ಬಡವರ ಮತ್ತು ಅಶಿಕ್ಷಿತರ ವಿಷಯದಲ್ಲಿ ಇರಕೂಡದೆಂದು, ನಮ್ಮನ್ನೇ ಕಟ್ಟಿಹಾಕುತ್ತದೆ. ಯಾವ ಶಾಸಕಾಂಗವೂ ಕೇಳುವ ಮೊದಲೇ ಧರ್ಮಸಭೆ ತನ್ನಿಂದ ಕೇಳಿಕೊಂಡ ಬೇಡಿಕೆಯಿದು. ಸೀಟು, ಶುಲ್ಕದ ರಿಯಾಯಿತಿ, ಹಾಸ್ಟೆಲು ಕೊಡಬಲ್ಲ ಯಜಮಾನನಿಗೆ ಇದನ್ನು ಪಾಲಿಸುವುದು ಕಷ್ಟ. ಪಾಲಿಸಿದರೂ ನಂಬಿಸುವುದು ಇನ್ನೂ ಕಷ್ಟ. ಅತಿಥಿಗೆ ಕೊಡಲು ಏನೂ ಇಲ್ಲ. ಹುನಗುಂದದ ಕಾಲೇಜಿನಲ್ಲಿ ಓದುವ ಕ್ರೈಸ್ತ ವಿದ್ಯಾರ್ಥಿನಿ ತನ್ನ ಗೆಳತಿಗೆ ಪ್ರಾರ್ಥನೆಯ ಕುರಿತು ಹೇಳಿದರೆ ಅಲ್ಲಿ ಆಮಿಷದ ಮಾತೇ ಏಳುವುದಿಲ್ಲ, ಸ್ನೇಹವಷ್ಟೇ ಉಳಿಯುತ್ತದೆ. 1910ರ ಎಡಿನ್‌ಬರೊ ಸಮ್ಮೇಳನದಲ್ಲಿ ವೇದನಾಯಕಂ ಅಜರಯ್ಯನವರು ಪಾಶ್ಚಾತ್ಯ ಮಿಶನರಿಗಳಿಂದ ಕೊನೆಗೆ ಬೇಡಿದುದೂ ಸ್ನೇಹವನ್ನೇ. ಅವರು ವಿದ್ಯಾರ್ಥಿ ಮತ್ತು ಯುವಜನ ಚಳವಳಿಯಿಂದಲೇ ಬಂದವರೆಂಬುದನ್ನು ಇಲ್ಲಿ ನೆನೆಯಬಹುದು.

ಅತಿಥಿಗೆ ಮನೆಯವರ ಒಳಿತನ್ನು ಕಾಣುವ ಕಣ್ಣೂ ಬೇಕು. ಇಳಕಲ್ಲಿನ ಮಹಾಂತ ಸ್ವಾಮೀಜಿಯವರು, 2018ರಲ್ಲಿ ಲಿಂಗೈಕ್ಯರಾದವರು, ಊರೂರಿಗೆ ಜೋಳಿಗೆ ಹಿಡಿದು ನಡೆದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಗುಟ್ಕಾ, ಸಾರಾಯಿ ಜೋಳಿಗೆಗೆ ಬಿದ್ದವು. ಹಾಸ್ಟೆಲುಗಳಲ್ಲಿ ವ್ಯಸನ ಎಷ್ಟು ಹಬ್ಬಿದೆಯೆಂದು ಬಲ್ಲ ನಮ್ಮ ಯುವಜನ ನಿರ್ದೇಶಕರು ಇದನ್ನು ಪರಧರ್ಮದ ಸುದ್ದಿಯೆಂದು ಬದಿಗಿಡುವಂತಿಲ್ಲ. ಮಹಾಂತರ ಹೆಸರಿನ ಕಾಲೇಜಿನಲ್ಲಿ ಓದುವ ನಮ್ಮ ಹುಡುಗ ಆ ಕೆಲಸದಲ್ಲಿ ಕೈಜೋಡಿಸಿದರೆ ಅದು ವಿಶ್ವಾಸದ ಸಡಿಲಿಕೆಯೇನಲ್ಲ.

ಉಳಿದುದು ಕಾರ್ಯದ ಮಾತು. ಕೇರಳದಲ್ಲಿ ಹುಟ್ಟಿ 2016ರಲ್ಲಿ ರೋಮಿನ ಅನುಮೋದನೆ ಪಡೆದ ಜೀಸಸ್ ಯೂತ್ ಬಳಗ ನರ್ಸಿಂಗ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಚಿಕ್ಕ ಗುಂಪುಗಳ ಕ್ರಮವನ್ನು ಕಥೋಲಿಕ ರೀತಿಯಲ್ಲಿ ನಡೆಸುತ್ತಿದೆ. ಪ್ರಾರ್ಥನೆ, ದೇವವಾಕ್ಯ, ಸಂಸ್ಕಾರ, ಸಹಬಾಳ್ವೆ, ಶುಭಸಂದೇಶ ಪ್ರಸಾರ, ಬಡವರ ಪಕ್ಷ ಎಂಬ ಅದರ ಆರು ಆಧಾರಗಳಲ್ಲಿ ಸೊಡಾಲಿಟಿ, ಯುಇಎಸ್‌ಐ, ಐಕಫ್ ಮೂರರ ಪ್ರತಿಧ್ವನಿಯಿದೆ. ಅದರ ಹಾಡು, ಭಾಷೆ, ಭಾವಗಳು ಉತ್ತರ ಕರ್ನಾಟಕದ ಕನ್ನಡಕ್ಕೆ ಇನ್ನೂ ಒಗ್ಗಬೇಕಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯ ಕೈಗೆ ಕೊಡಬಹುದಾದ ತಿಳಿಗನ್ನಡದ ಒಂದು ಚಿಕ್ಕ ವಿಶ್ವಾಸ ಪಠ್ಯ ಇದಕ್ಕಿಂತ ಮೊದಲು ಆಗಬೇಕಾದ ಕೆಲಸ. ಮಲಯಾಳದಿಂದಲೋ ಇಂಗ್ಲಿಷಿನಿಂದಲೋ ಅನುವಾದಿಸಿದ್ದರಿಂದ ಅದು ಆಗದು.

ನಮ್ಮ ಪಾಲನಾ ದೈವಶಾಸ್ತ್ರದ ಪಾಠಕ್ರಮದಲ್ಲಿ ವಿದ್ಯಾರ್ಥಿ ಪ್ರೇಷಿತಕಾರ್ಯ ಸಂಸ್ಥೆಗಳ ಆಡಳಿತದ ಅಧ್ಯಾಯದಲ್ಲಿ ಸೇರಿಕೊಂಡಿರುವಷ್ಟು ದಿನ ಬಾಗಲಕೋಟೆಯ ವಿದ್ಯಾರ್ಥಿ ಅದರ ಕಣ್ಣಿಗೆ ಬೀಳಲಾರ. ಅದನ್ನು ಧರ್ಮಕೇಂದ್ರದ ಅಧ್ಯಾಯಕ್ಕೆ ತರಬೇಕೆಂಬುದು ನನ್ನ ಸಲಹೆ. ಆ ವಿದ್ಯಾರ್ಥಿಗೆ ಕಾಲೇಜಿನ ಗುರುವಿಲ್ಲ, ಊರಿನ ಗುರುವಿದ್ದಾರೆ. ಯಾವ ಮನೆಯ ಯಾರು ಯಾವ ಕಾಲೇಜಿಗೆ ಸೇರಿದರು, ಹಾಸ್ಟೆಲಿನಲ್ಲಿದ್ದಾರೋ ಬಸ್ಸಿನಲ್ಲಿ ಓಡಾಡುತ್ತಾರೋ ಎಂಬುದು ಜೂನ್ ತಿಂಗಳಲ್ಲಿ ಧರ್ಮಕೇಂದ್ರದ ದಾಖಲೆಗೆ ಬರಲಿ. ಧಾರವಾಡಕ್ಕೆ ಹೋದವರ ಹೆಸರು ಧಾರವಾಡದ ಗುರುಗಳಿಗೆ ತಲುಪಲಿ, ಸಿಎಸ್‌ಐ ಸಭೆಯ ನೆರೆಯ ಪಾದ್ರಿಗಳಿಗೂ ತಿಳಿದಿರಲಿ. ಬಸ್ಸಿನಲ್ಲಿ ಓಡಾಡುವವರಿಗಾದರೆ ಮಧ್ಯಾಹ್ನದ ತರಗತಿ ಮುಗಿದು ಊರಿನ ಬಸ್ಸು ಬರುವತನಕ ತಾಸೊಂದು ತಾಸು ಬಿಡುವಿರುತ್ತದೆ. ಎಫೆಸದ ಹಸ್ತಪ್ರತಿ ಹೇಳುವ ವೇಳೆಯೂ ಹೆಚ್ಚುಕಡಿಮೆ ಅದೇ.